ರಿಪೀಟ್ ಒತ್ತಿದ್ರೆ ಟಾಸ್ಕ್ ಬರತ್ತೆ ಸಾರ್, ಕೆಲಸ ಆಗಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಟೆಕ್ ಪುಟದ ಮೂಲೆಯಲ್ಲಿ ಒಂದು ಚಿಕ್ಕ ಟಿಪ್ ಬಂದಿತ್ತು. ವಾರ ವಾರ, ತಿಂಗಳು ತಿಂಗಳು ಮಾಡೋ ಕೆಲಸಗಳನ್ನ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ನಲ್ಲಿ ಒಂದ್ಸಲ ರಿಪೀಟ್‌ಗೆ ಹಾಕಿ ಮರೆತುಬಿಡಿ ಅಂತ. ರಿಪೀಟ್‌ಗೆ ಹಾಕಿ ಅನ್ನೋದು ಸರಿ, ಅದ್ರಲ್ಲಿ ಜಗಳ ಇಲ್ಲ. ಆ ಮರೆತುಬಿಡಿ ಅನ್ನೋ ಪದ ಓದಿ ಮಾತ್ರ ಸುಮ್ನಿರೋಕೆ ಆಗ್ಲಿಲ್ಲ, ಯಾಕಂದ್ರೆ ನಾನು ಹಾಗೆ ಮರೆತು ಅನುಭವಿಸಿದವನು. ಪತ್ರ ಉದ್ದ ಆಗತ್ತೆ, ಬೇಕಾದ್ರೆ ಕತ್ತರಿಸ್ಕೊಳ್ಳಿ.

ನಾನು ಮುಂಚೆ ಇದ್ದ ಆಫೀಸಲ್ಲಿ ಟೀಮಿನ ಟಾಸ್ಕ್ ಬೋರ್ಡ್ ನೋಡ್ಕೊಳ್ಳೋದು ನನ್ನ ಕೆಲಸ. ಅಲ್ಲಿ "ಬ್ಯಾಕಪ್ ಚೆಕ್" ಅಂತ ಒಂದು ಟಾಸ್ಕ್ ಇತ್ತು, ನಾನೇ ಹಾಕಿದ್ದು, ಪ್ರತಿ ಶುಕ್ರವಾರ ಬೆಳಗ್ಗೆ ಬರೋದು, ಒಬ್ಬ ಹುಡುಗ ನೋಡಿ ಟಿಕ್ ಹಾಕೋನು, ಮುಂದಿನ ಶುಕ್ರವಾರಕ್ಕೆ ಇನ್ನೊಂದು ತಾನಾಗೇ ಹುಟ್ಕೊಳ್ಳೋದು. ತಿಂಗಳುಗಟ್ಟಲೆ ಒಂದು ವಾರನೂ ತಪ್ಪಿಲ್ಲ, ಬೋರ್ಡ್ ನೋಡಿದ್ರೆ ಎಲ್ಲಾ ಹಸಿರು, ನನಗೂ ಒಳಗೊಳಗೆ ಹೆಮ್ಮೆ. ಒಂದಿನ ಯಾರೋ ಒಂದು ಮುಖ್ಯವಾದ ಫೋಲ್ಡರ್ ಡಿಲೀಟ್ ಮಾಡ್ಬಿಟ್ರು, ಅಯ್ಯೋ ಬಿಡಿ ಬ್ಯಾಕಪ್ ಇದ್ಯಲ್ಲ ಅಂತ ದೊಡ್ಡದಾಗಿ ಹೇಳಿ ಎಲ್ಲರ ಮುಂದೆನೇ ಬ್ಯಾಕಪ್ ಫೋಲ್ಡರ್ ತೆಗೆದೆ. ಸಾಲಾಗಿ ಫೈಲುಗಳಿದಾವೆ, ಹೆಸರು ಸರಿ ಇದೆ, ತಾರೀಕು ಸರಿ ಇದೆ, ಪಕ್ಕದ ಸೈಜ್ ಕಾಲಂನಲ್ಲಿ ಮಾತ್ರ ಮೇಲಿಂದ ಕೆಳಗಿನ ತನಕ 0 ಕೆಬಿ, 0 ಕೆಬಿ, 0 ಕೆಬಿ. ಸ್ಕ್ರೋಲ್ ಮಾಡ್ತಾನೇ ಇದೀನಿ, ಹಿಂದೆ ನಿಂತಿದ್ದವರು ಒಬ್ಬರೂ ಮಾತಾಡ್ತಿಲ್ಲ. ನಾಲ್ಕು ತಿಂಗಳು ಹಿಂದಕ್ಕೆ ಹೋದ್ಮೇಲೆ ಒಳಗೆ ಏನಾದ್ರೂ ಇರೋ ಫೈಲ್ ಒಂದು ಸಿಕ್ತು. ಆಮೇಲೆ ಗೊತ್ತಾಗಿದ್ದು, ಯಾವತ್ತೋ ಪಾಸ್‌ವರ್ಡ್ ಬದಲಾಯಿಸಿದಾರೆ, ಬ್ಯಾಕಪ್ ತೆಗೆಯೋ ಸ್ಕ್ರಿಪ್ಟ್‌ಗೆ, ಅಂದ್ರೆ ತಾನಾಗೇ ಓಡೋ ಪುಟ್ಟ ಪ್ರೋಗ್ರಾಮಿಗೆ, ಅದು ಗೊತ್ತಿಲ್ಲ, ಪಾಪ ಅದು ಪ್ರತಿ ರಾತ್ರಿ ಬಂದು ಒಂದು ಖಾಲಿ ಫೈಲ್ ಮಾಡಿಟ್ಟು ಹೋಗ್ತಿತ್ತು.

ಹುಡುಗನನ್ನ ಕೇಳಿದ್ರೆ, "ಸಾರ್, ನಾನು ಪ್ರತಿ ವಾರ ನೋಡಿದೀನಿ, ಅವತ್ತಿನ ತಾರೀಕಿನ ಫೈಲ್ ಬಂದಿದ್ಯಾ ಅಂತ ನೋಡ್ತಿದ್ದೆ, ಬಂದಿರ್ತಿತ್ತು" ಅಂದ. ಅವನನ್ನ ಬೈಯೋಕೆ ಬಾಯಿ ಬರ್ಲಿಲ್ಲ ನನಗೆ. ಚೆಕ್ ಅಂತ ಬರೆದವನು ನಾನು, ಏನನ್ನ ಚೆಕ್ ಮಾಡ್ಬೇಕು ಅಂತ ಬರೆದಿರ್ಲಿಲ್ಲ, ಅವನಿಗೆ ತಿಳಿದ ಹಾಗೆ ಅವನು ಮಾಡಿದಾನೆ. ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಅವತ್ತೇ ಕೂತು ಆ ಟಾಸ್ಕಿನ ಹೆಸರು ಬದಲಾಯಿಸಿದೆ. "ಹೋದ ವಾರದ ಬ್ಯಾಕಪ್‌ನಿಂದ ಯಾವುದಾದ್ರೂ ಒಂದು ಫೈಲ್ ರೀಸ್ಟೋರ್ ಮಾಡಿ, ತೆಗೆದು ನೋಡಿ, ಫೈಲ್ ಹೆಸರು ಮತ್ತೆ ಸೈಜ್ ಕಾಮೆಂಟ್‌ನಲ್ಲಿ ಬರೀರಿ." ಅಷ್ಟುದ್ದ ಹೆಸರು ಬೋರ್ಡಲ್ಲಿ ನೋಡೋಕೆ ಚೆನ್ನಾಗಿರಲ್ಲ ಅಂತ ಕೆಲವರು ಗೊಣಗಿದ್ರು. ಗೊಣಗಲಿ. ಸುಮ್ನೆ ಟಿಕ್ ಒತ್ತೋದು ಒಂದು ಸೆಕೆಂಡು, ಕಾಮೆಂಟಲ್ಲಿ ಸೈಜ್ ಬರೀಬೇಕು ಅಂದ್ರೆ ಫೈಲ್ ತೆಗೀಲೇಬೇಕಲ್ಲ.

ಇದು ನಮ್ಮಂಥ ಸಣ್ಣವರಿಗೆ ಮಾತ್ರ ಆಗೋದು ಅಂತ ಅಂದ್ಕೋಬೇಡಿ. ಸಾಫ್ಟ್‌ವೇರ್ ಬರೆಯೋರು ತಮ್ಮ ಕೋಡ್ ಇಡೋ ಗಿಟ್‌ಲ್ಯಾಬ್ ಅನ್ನೋ ವೆಬ್‌ಸೈಟ್ ಇದೆ, 2017ರ ಜನವರಿ 31ರಂದು ಅವರ ಡೇಟಾಬೇಸ್ ಅವರ ಇಂಜಿನಿಯರ್ ಕೈಯಲ್ಲೇ ತಪ್ಪಿ ಅಳಿಸಿಹೋಯ್ತು, ಆಮೇಲೆ ಬ್ಯಾಕಪ್ ಹುಡುಕಿದ್ರೆ ದಿನಾ ಆಗ್ಬೇಕಿದ್ದ ಬ್ಯಾಕಪ್, ಅದನ್ನ ತೆಗೆಯೋ ಸಾಫ್ಟ್‌ವೇರಿನ ವರ್ಷನ್ ಡೇಟಾಬೇಸಿನ ವರ್ಷನ್‌ಗೆ ಹೊಂದದೆ, ಸದ್ದಿಲ್ಲದೆ ಫೇಲ್ ಆಗ್ತಾ ಇತ್ತು. ಫೇಲ್ ಆದ್ರೆ ಮೇಲ್ ಬರೋ ವ್ಯವಸ್ಥೆನೂ ಇತ್ತು, ಆದ್ರೆ ಆ ಮೇಲ್‌ಗಳು ತಲುಪೋ ಕಡೆ ರಿಜೆಕ್ಟ್ ಆಗ್ತಿದ್ವು, ಹಾಗಾಗಿ ಯಾರಿಗೂ ಗೊತ್ತೇ ಆಗಿಲ್ಲ. ಸುಮಾರು ಆರು ಗಂಟೆ ಮುಂಚೆ ಒಬ್ಬರು ಬೇರೆ ಯಾವುದೋ ಕೆಲಸಕ್ಕೆ ಅಂತ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್, ಅಂದ್ರೆ ಆ ಹೊತ್ತಿನ ಡೇಟಾದ ನಕಲು, ಇತ್ತು, ಅದರಿಂದ ಬಚಾವಾದ್ರು, ಆ ಆರು ಗಂಟೆಯ ಡೇಟಾ ಹೋಯ್ತು. ಅವರು ಇದನ್ನೆಲ್ಲ ಮುಚ್ಚಿಡದೆ ಬರೆದು ಹಾಕಿದ್ರು, ಅದಕ್ಕೆ ಮೆಚ್ಚಬೇಕು. ಬ್ಯಾಕಪ್ ಸರಿ ಇದ್ಯಾ ಅಂತ ಆಗಾಗ ಯಾಕೆ ಪರೀಕ್ಷೆ ಮಾಡ್ತಿರ್ಲಿಲ್ಲ ಅನ್ನೋ ಪ್ರಶ್ನೆಗೆ ಅವರೇ ಕೊಟ್ಟ ಉತ್ತರ, ಆ ಕೆಲಸ ಯಾರದೂ ಆಗಿರ್ಲಿಲ್ಲ ಅನ್ನೋದು.

ಈ ಯಾರದೂ ಅಲ್ಲ ಅನ್ನೋದು ರಿಪೀಟ್ ಟಾಸ್ಕಲ್ಲಿ ಬಹಳ ಸುಲಭವಾಗಿ ಆಗತ್ತೆ. ಹಾಕೋವಾಗ ಒಬ್ಬರ ಹೆಸರಿಗೇ ಹಾಕಿರ್ತೀವಿ, ಅವರು ಕೆಲಸ ಬಿಟ್ಟು ಹೋಗ್ತಾರೆ, ಅಕೌಂಟ್ ಮುಚ್ಚತ್ತೆ, ಟಾಸ್ಕ್ ಮಾತ್ರ ಅದೇ ಹೆಸರಿಗೆ ಇರತ್ತೆ, ನೋಟಿಫಿಕೇಶನ್ ಯಾರೂ ತೆಗೆಯದ ಮೇಲ್‌ಬಾಕ್ಸಿಗೆ ಹೋಗ್ತಿರತ್ತೆ. ಇಡೀ ಟೀಮಿಗೆ ಅಂತ ಹಾಕಿದ್ರೆ ಇನ್ನೂ ಕಷ್ಟ, ಅವರು ನೋಡ್ತಾರೆ ಬಿಡು ಅಂತ ಇವರು, ಇವರು ನೋಡ್ತಾರೆ ಬಿಡು ಅಂತ ಅವರು. ಯಾರಾದ್ರೂ ಬಿಟ್ಟು ಹೋಗೋವಾಗ ಲ್ಯಾಪ್‌ಟಾಪ್ ವಾಪಸ್ ಇಸ್ಕೊಳ್ತೀವಲ್ಲ, ಹಾಗೇ ಅವರ ಹೆಸರಲ್ಲಿರೋ ರಿಪೀಟ್ ಟಾಸ್ಕುಗಳ ಲಿಸ್ಟನ್ನೂ ಇಸ್ಕೋಬೇಕು.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ನಿಮ್ಮ ಟಿಪ್‌ನಲ್ಲಿ ಡೈಲಿ, ವೀಕ್ಲಿ, ಮಂತ್ಲಿ ಆರಿಸ್ಕೊಳ್ಳಿ ಅಂತ ಇತ್ತು. ಅದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ ಬೇರೆ ಇದೆ, ಅದನ್ನ ಕೇಳ್ಕೊಳ್ಳದೇ ಹಾಕಿದ ಟಾಸ್ಕುಗಳೇ ಮುಂದೆ ತಲೆ ತಿನ್ನೋದು. ಮುಂದಿನ ತಾರೀಕನ್ನ ಎಲ್ಲಿಂದ ಎಣಿಸ್ಬೇಕು? ಕ್ಯಾಲೆಂಡರಿಂದಲಾ, ಇಲ್ಲಾ ಕೆಲಸ ಮುಗಿಸಿದ ದಿನದಿಂದಲಾ? ತಿಂಗಳ ಒಂದನೇ ತಾರೀಕು ರಿಪೋರ್ಟ್ ಕಳಿಸ್ಬೇಕು ಅಂದ್ರೆ ನೀವು ಈ ತಿಂಗಳು ಐದಕ್ಕೆ ಕಳಿಸಿದ್ರೂ ಮುಂದಿನ ತಿಂಗಳು ಅದು ಒಂದಕ್ಕೇ ಬರ್ಬೇಕು. ಅದೇ ಪ್ರಿಂಟರ್ ಕ್ಲೀನ್ ಮಾಡೋದು ತೊಂಬತ್ತು ದಿನಕ್ಕೊಮ್ಮೆ ಅಂದ್ರೆ, ಇಪ್ಪತ್ತು ದಿನ ತಡ ಆಗಿ ಮಾಡಿದ್ರೆ ಮುಂದಿನದು ಅಲ್ಲಿಂದ ತೊಂಬತ್ತು ದಿನ ಆದ್ಮೇಲೆ ಬಂದ್ರೆ ಸಾಕು, ಎಪ್ಪತ್ತನೇ ದಿನಕ್ಕೆ ಬಂದು ಕೂತ್ರೆ ಯಾರಿಗೆ ಬೇಕು. ಟೂಡೂಇಸ್ಟ್ ಅನ್ನೋ ಟಾಸ್ಕ್ ಆ್ಯಪಿನಲ್ಲಿ ಈ ಎರಡಕ್ಕೂ ಇರೋ ವ್ಯತ್ಯಾಸ ಒಂದೇ ಒಂದು ಆಶ್ಚರ್ಯಸೂಚಕ ಚಿಹ್ನೆ. ಎವ್ರಿ ಅಂತ ಬರೆದ್ರೆ ಕ್ಯಾಲೆಂಡರ್ ಪ್ರಕಾರ, ಎವ್ರಿ ಪಕ್ಕದಲ್ಲೇ ಆ ಚಿಹ್ನೆ ಹಾಕಿದ್ರೆ ಮುಗಿಸಿದ ದಿನದ ಲೆಕ್ಕ. ವರ್ಷಗಟ್ಟಲೆ ಅದನ್ನ ಬಳಸ್ತಿರೋ ನನ್ನ ಸ್ನೇಹಿತರೊಬ್ಬರಿಗೆ ಇದನ್ನ ತೋರಿಸಿದಾಗ ಅವರು ನಗ್ಬೇಕೋ ಅಳ್ಬೇಕೋ ಗೊತ್ತಾಗ್ದೆ ಕೂತ್ರು. ಆಸಾನಾ ಅನ್ನೋ ಇನ್ನೊಂದು ಸಾಫ್ಟ್‌ವೇರಲ್ಲಿ ಪೀರಿಯಾಡಿಕಲಿ ಅನ್ನೋ ಆಯ್ಕೆ ಇದೆ, ಮುಗಿಸಿದ ಮೇಲೆ ಇಷ್ಟು ದಿನಕ್ಕೆ ಅಂತ, ಅದನ್ನ ಯಾರೂ ಮುಟ್ಟಲ್ಲ, ಎಲ್ಲರೂ ವೀಕ್ಲಿ ಒತ್ತಿ ಮುಂದೆ ಹೋಗ್ತಾರೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಇದೆ, ಇದು ಮೇಲೆ ಕಾಣಲ್ಲ. ಹೊಸ ಟಾಸ್ಕ್ ಹುಟ್ಟೋದು ಯಾವಾಗ ಅನ್ನೋದು. ಆಸಾನಾ, ಮೈಕ್ರೋಸಾಫ್ಟ್ ಪ್ಲ್ಯಾನರ್ ಇವುಗಳಲ್ಲಿ ಈಗ ಇರೋದಕ್ಕೆ ಟಿಕ್ ಹಾಕಿದ್ಮೇಲೇ ಮುಂದಿನದು ಹುಟ್ಟೋದು. ಟ್ರೆಲ್ಲೊದ ಕಾರ್ಡ್ ರಿಪೀಟರ್ ಆಗ್ಲಿ, ಜಿರಾದಲ್ಲಿ ಆಟೊಮೇಶನ್ ರೂಲ್ ಬರೆದು ಟೈಮಿಗೆ ಸರಿಯಾಗಿ ಟಾಸ್ಕ್ ಮಾಡಿಸೋದಾಗ್ಲಿ, ಅವು ಹಳೇದು ಮುಗಿದ್ಯಾ ಇಲ್ವಾ ಅಂತ ಕೇಳಲ್ಲ, ಹೊತ್ತಾಯ್ತು ಅಂದ್ರೆ ಇನ್ನೊಂದನ್ನ ತಂದು ಹಾಕ್ತವೆ. ಎರಡಕ್ಕೂ ಅದರದ್ದೇ ಕಾಯಿಲೆ ಇದೆ. ಎರಡನೇ ಥರದ್ದಲ್ಲಿ ನೀವು ಎರಡು ವಾರ ರಜೆ ಹಾಕಿ ಬಂದ್ರೆ ಒಂದೇ ಹೆಸರಿನ ಹತ್ತು ಕಾರ್ಡು ಕೆಂಪಗೆ ಸಾಲಾಗಿ ನಿಂತಿರ್ತವೆ, ದಿನಾ ಲಾಗ್ ನೋಡೋ ಕೆಲಸಕ್ಕೆ ಹತ್ತು ಕಾರ್ಡ್ ಏನು ಮಾಡ್ತೀರಿ, ಹತ್ತನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ ಟಿಕ್ ಒತ್ತೋದು ತಾನೇ, ಒಂದ್ಸಲ ಹಾಗೆ ಒತ್ತಿ ಕೈಗೆ ರೂಢಿ ಆಯ್ತು ಅಂದ್ರೆ ಮುಗೀತು ಕಥೆ. ಮೊದಲನೇ ಥರದ್ದು ನೋಡೋಕೆ ಶಾಂತ, ಆದ್ರೆ ನನ್ನ ಕೇಳಿದ್ರೆ ಅದೇ ಹೆಚ್ಚು ಅಪಾಯ. ಯಾರೋ ಒಂದು ವಾರ ಟಿಕ್ ಹಾಕ್ಲಿಲ್ಲ, ಟಾಸ್ಕ್ ಲಿಸ್ಟಿನ ಕೆಳಗೆ ಹೋಯ್ತು, ಅಥವಾ ಯಾರೋ ಅದನ್ನ ಬೇರೆ ಪ್ರಾಜೆಕ್ಟಿಗೆ ಎಳೆದು ಹಾಕಿದ್ರು, ಅಲ್ಲಿಗೆ ಸರಪಳಿ ಕಟ್. ಮುಂದಿನದು ಹುಟ್ಟಲ್ಲ. ಹುಟ್ಟದೇ ಇರೋ ಟಾಸ್ಕಿಗೆ ಯಾವ ಸಾಫ್ಟ್‌ವೇರೂ ನೋಟಿಫಿಕೇಶನ್ ಕಳಿಸಲ್ಲ. ಹಾಗಾಗಿ ನಾನು ಈಗ ದಿನದ ಕೆಲಸಗಳನ್ನ ಮೊದಲನೇ ಥರದಲ್ಲಿ ಇಡ್ತೀನಿ, ತಪ್ಪಿದ ದಿನ ತಪ್ಪಿದ ಹಾಗೇ, ಗುಡ್ಡೆ ಬೀಳೋದು ಬೇಡ. ತಿಂಗಳದ್ದು, ವರ್ಷದ್ದು ಎಲ್ಲಾ ಎರಡನೇ ಥರದಲ್ಲಿ, ಯಾಕಂದ್ರೆ ವರ್ಷಕ್ಕೊಂದ್ಸಲ ಬರೋದು ಒಂದ್ಸಲ ಬಿಟ್ಟುಹೋದ್ರೆ ನೆನಪು ಮಾಡೋಕೆ ಇನ್ಯಾರೂ ಇರಲ್ಲ.

ತಿಂಗಳ ಕೊನೆ ಅಂತ 31ನೇ ತಾರೀಕಿಗೆ ಟಾಸ್ಕ್ ಹಾಕೋರನ್ನ ನಾನು ಎಷ್ಟು ಜನರನ್ನ ನೋಡಿದೀನೋ. 31 ಇರೋದು ವರ್ಷದಲ್ಲಿ 7 ತಿಂಗಳಿಗೆ ಮಾತ್ರ. ಕ್ಯಾಲೆಂಡರ್ ಸಾಫ್ಟ್‌ವೇರುಗಳು ಒಂದಕ್ಕೊಂದು ಮಾತಾಡೋಕೆ ಐಕ್ಯಾಲೆಂಡರ್ ಅಂತ ಒಂದು ನಿಯಮಾವಳಿ ಇದೆ, 1998ರಲ್ಲಿ ಬಂದಿದ್ದು, 2009ರಲ್ಲಿ ಆರ್‌ಎಫ್‌ಸಿ 5545 ಅಂತ ಹೊಸದಾಗಿ ಬರೆದ್ರು, ಅದ್ರ ಪ್ರಕಾರ ಇಲ್ಲದ ತಾರೀಕು ಬಂದ್ರೆ ಅದನ್ನ ಬಿಟ್ಟು ಮುಂದೆ ಹೋಗ್ಬೇಕು ಅಷ್ಟೇ, ಹಿಂದಿನ ದಿನಕ್ಕೆ ತರೋದಿಲ್ಲ. ಅಂದ್ರೆ ಫೆಬ್ರವರಿ, ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್ ರಿಪೋರ್ಟ್ ಗೋವಿಂದ. ಅದೇ ನಿಯಮದಲ್ಲಿ ತಾರೀಕಿನ ಜಾಗಕ್ಕೆ ಮೈನಸ್ 1 ಅಂತ ಕೊಟ್ರೆ ತಿಂಗಳ ಕೊನೇ ದಿನ ಅಂತ ಅರ್ಥ, ಫೆಬ್ರವರಿ 28 ಆಗ್ಲಿ 29 ಆಗ್ಲಿ ಅದೇ ನೋಡ್ಕೊಳ್ಳತ್ತೆ, ಎಷ್ಟೋ ಆ್ಯಪುಗಳಲ್ಲಿ ಇದು "ಲಾಸ್ಟ್ ಡೇ" ಅಂತ ಮೆನುವಲ್ಲೇ ಇರತ್ತೆ, ಸ್ವಲ್ಪ ಕೆಳಗೆ ಸ್ಕ್ರೋಲ್ ಮಾಡ್ಬೇಕು ಅಷ್ಟೇ. ಇನ್ನು ಕೆಲವು ಸಾಫ್ಟ್‌ವೇರ್ ಜನವರಿ 31ರದ್ದನ್ನ ಫೆಬ್ರವರಿ 28ಕ್ಕೆ ಇಳಿಸಿ, ಆಮೇಲೆ ಮಾರ್ಚ್‌ನಲ್ಲೂ 28ಕ್ಕೇ ನಿಂತುಬಿಡತ್ತೆ, ಮೇಲಕ್ಕೆ ಹತ್ತಲ್ಲ. ಐದನೇ ಶುಕ್ರವಾರದ ಕಥೆನೂ ಇದೇ, ಎಲ್ಲಾ ತಿಂಗಳಲ್ಲೂ ಅದು ಇರಲ್ಲ.

ತಿಂಗಳಿಗೆ ಎರಡು ಸಲ ಅನ್ನೋದೂ ಎರಡು ವಾರಕ್ಕೊಮ್ಮೆ ಅನ್ನೋದೂ ಒಂದೇ ಅಂದ್ಕೊಂಡವರು ವರ್ಷದ ಕೊನೆಗೆ ಎಣಿಸಿ ನೋಡಿ. ಒಂದು 24, ಇನ್ನೊಂದು 26.

ಕ್ರಾನ್ ಬಗ್ಗೆ ಬರೀಲೇಬೇಕು, ಟೆಕ್ನಿಕಲ್ ಅಂತ ಬೇಜಾರಾಗೋರು ಈ ಪ್ಯಾರಾ ಬಿಟ್ಬಿಡಿ. ಯುನಿಕ್ಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮಿನ ಕಾಲದಿಂದ ಕಂಪ್ಯೂಟರಿಗೆ ಇಂತಿಂಥ ಹೊತ್ತಿಗೆ ಇದನ್ನ ಮಾಡು ಅಂತ ಹೇಳೋಕೆ ಐದು ಖಾನೆಯ ಒಂದು ಸಾಲು ಇದೆ, ಅದನ್ನ ಓದಿ ಕೆಲಸ ಮಾಡಿಸೋದೇ ಕ್ರಾನ್. ನಿಮಿಷ, ಗಂಟೆ, ತಾರೀಕು, ತಿಂಗಳು, ವಾರದ ದಿನ. ನಕ್ಷತ್ರ ಹಾಕಿದ್ರೆ ಯಾವುದಾದ್ರೂ ಸರಿ ಅಂತ. 0 9 * * 1 ಅಂದ್ರೆ ಪ್ರತಿ ಸೋಮವಾರ ಬೆಳಗ್ಗೆ 9ಕ್ಕೆ. ಜಿರಾದ ಆಟೊಮೇಶನ್‌ನಲ್ಲೂ ಇಂಥದ್ದೇ ಸಾಲು ಬರೀಬಹುದು, ಆದ್ರೆ ಅದು ಬೇರೆ ಜಾತಿ, ಮುಂದೆ ಸೆಕೆಂಡಿಗೆ ಅಂತ ಇನ್ನೊಂದು ಖಾನೆ ಇರತ್ತೆ. ನಮ್ಮವರೊಬ್ಬರು ಸರ್ವರಲ್ಲಿದ್ದ ಸಾಲನ್ನ ಹಾಗೇ ಎತ್ಕೊಂಡು ಬಂದು, ಮುಂದೆ ಒಂದು ಸೊನ್ನೆ ಸೇರಿಸಿ, ಒಂದು ನಕ್ಷತ್ರ ತೆಗೆದು ಪ್ರಶ್ನಾರ್ಥಕ ಚಿಹ್ನೆ ಹಾಕಿ, 0 0 9 ? * 1 ಅಂತ ಮಾಡಿದ್ರು, ಎರರ್ ಬರ್ಲಿಲ್ಲ, ಸೇವ್ ಆಯ್ತು, ಎಲ್ಲರೂ ಖುಷಿ. ಟಾಸ್ಕುಗಳು ಭಾನುವಾರ ಬೆಳಗ್ಗೆ 9ಕ್ಕೆ ಬರೋಕೆ ಶುರುವಾದ್ವು. ಯಾಕಂದ್ರೆ ಆ ಜಾತಿಯಲ್ಲಿ 1 ಅಂದ್ರೆ ಭಾನುವಾರ, ಹಳೇ ಕ್ರಾನ್‌ನಲ್ಲಿ 1 ಅಂದ್ರೆ ಸೋಮವಾರ. ಅಂಕಿ ಬೇಡ, ಎಂಒಎನ್ ಅಂತ ಮೂರಕ್ಷರ ಬರೆದ್ರೆ ಎರಡೂ ಕಡೆ ಸೋಮವಾರನೇ. ಇನ್ನೊಂದು ತಮಾಷೆ, ಹಳೇ ಕ್ರಾನ್‌ನಲ್ಲಿ ತಾರೀಕಿನ ಖಾನೆಗೆ 13, ವಾರದ ಖಾನೆಗೆ 5 ಅಂತ ಎರಡನ್ನೂ ತುಂಬಿಸಿದ್ರೆ ಹದಿಮೂರನೇ ತಾರೀಕು ಶುಕ್ರವಾರ ಬಂದಾಗ ಮಾತ್ರ ಓಡತ್ತೆ ಅಂತ ಅಂದ್ಕೋತೀವಿ, ಅದು ಪ್ರತಿ ಹದಿಮೂರಕ್ಕೂ ಓಡತ್ತೆ, ಪ್ರತಿ ಶುಕ್ರವಾರನೂ ಓಡತ್ತೆ. ಜೊತೆಗೆ ಸರ್ವರಿನ ಗಡಿಯಾರ ಬಹಳ ಕಡೆ ಯುಟಿಸಿಯಲ್ಲಿ, ಅಂದ್ರೆ ಇಡೀ ಲೋಕಕ್ಕೆ ಒಂದೇ ಲೆಕ್ಕದ ಸಮಯದಲ್ಲಿ, ಇರತ್ತೆ, ನಿಮ್ಮ ಗೋಡೆ ಗಡಿಯಾರದ ಬೆಳಗ್ಗೆ 9ಕ್ಕೂ ಅದರ 9ಕ್ಕೂ ಸಂಬಂಧ ಇರಲ್ಲ, ಅದನ್ನೂ ನೋಡ್ಕೊಳ್ಳಿ.

ಇಷ್ಟೆಲ್ಲ ಸರಿಯಾಗಿ ಹಾಕಿದ್ರೂ ಮರೆಯೋ ಹಾಗಿಲ್ಲ ಅನ್ನೋದಕ್ಕೆ ಈಗ ಎಲ್ಲರ ಕಣ್ಣ ಮುಂದೆನೇ ನಡೀತಿರೋ ಒಂದು ವಿಷಯ ಇದೆ. ವೆಬ್‌ಸೈಟುಗಳಿಗೆ ಬೀಗದ ಗುರುತು ಬರೋದು ಎಸ್‌ಎಸ್‌ಎಲ್ ಸರ್ಟಿಫಿಕೇಟಿನಿಂದ, ಅದನ್ನ ರಿನ್ಯೂ ಮಾಡ್ತಾ ಇರ್ಬೇಕು. 2020ರ ಸೆಪ್ಟೆಂಬರಿಂದ ಅದರ ಆಯಸ್ಸು ಹೆಚ್ಚಂದ್ರೆ 398 ದಿನ, ಅಂದ್ರೆ ವರ್ಷ ಆಗಿ ಮೇಲೆ ಒಂದು ತಿಂಗಳು ಸಲುಗೆ, ಹಾಗಾಗಿ ಎಲ್ಲರೂ ವರ್ಷಕ್ಕೊಂದ್ಸಲ ಅಂತ ರಿಪೀಟ್ ಹಾಕಿ ಆರಾಮಾಗಿದ್ರು. 2025ರ ಏಪ್ರಿಲ್‌ನಲ್ಲಿ ಸರ್ಟಿಫಿಕೇಟ್ ಕೊಡೋರೂ ಬ್ರೌಸರ್ ಮಾಡೋರೂ ಸೇರಿರೋ ಸಿಎ ಬ್ರೌಸರ್ ಫೋರಂನವರು ಇದನ್ನ ಇಳಿಸೋಕೆ ಒಪ್ಪಿದ್ರು, 2026ರ ಮಾರ್ಚ್ 15ರಿಂದ ಕೊಡೋ ಸರ್ಟಿಫಿಕೇಟಿಗೆ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಈಗ ಯೋಚನೆ ಮಾಡಿ, ಯಾವತ್ತೋ ಹಾಕಿದ ಆ ವರ್ಷದ ರಿಪೀಟ್ ಟಾಸ್ಕು ತನ್ನ ಪಾಡಿಗೆ ವರ್ಷಕ್ಕೊಂದ್ಸಲ ನಿಯತ್ತಾಗಿ ಬರ್ತಿರತ್ತೆ, ಅದು ಬರೋ ಹೊತ್ತಿಗೆ ಸರ್ಟಿಫಿಕೇಟ್ ಸತ್ತು ಐದು ತಿಂಗಳಾಗಿರತ್ತೆ. ಟಾಸ್ಕ್ ತಪ್ಪಿಲ್ಲ, ಲೋಕ ಬದಲಾಯ್ತು. ಸರ್ಟಿಫಿಕೇಟ್ ಮುಗಿಯೋ ಮುಂಚೆ ಮೇಲ್ ಬರತ್ತಲ್ಲ ಅಂತೀರಾ? ಪುಕ್ಕಟೆ ಸರ್ಟಿಫಿಕೇಟ್ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್‌ನವರು 2025ರ ಜೂನ್‌ನಿಂದ ಆ ಮೇಲ್ ಕಳಿಸೋದನ್ನೇ ನಿಲ್ಲಿಸಿದಾರೆ. 2020ರ ಫೆಬ್ರವರಿ 3ಕ್ಕೆ ಮೈಕ್ರೋಸಾಫ್ಟ್ ಟೀಮ್ಸ್ ಕೆಲವು ಗಂಟೆ ಮಲಗಿದ್ದು ಇಂಥದ್ದೇ ಒಂದು ಸರ್ಟಿಫಿಕೇಟಿನ ಅವಧಿ ಮುಗಿದು, ಅವರಲ್ಲಿ ಟಾಸ್ಕ್ ಹಾಕೋ ಸಾಫ್ಟ್‌ವೇರಿಗೆ ಬರ ಇರ್ಲಿಲ್ಲ ಅಲ್ವಾ. 47 ದಿನಕ್ಕೆ ಬಂದ್ಮೇಲೆ ಇದು ಮನುಷ್ಯರಿಗೆ ಟಾಸ್ಕ್ ಹಾಕಿ ಮಾಡಿಸೋ ಕೆಲಸನೇ ಅಲ್ಲ, ತಾನಾಗೇ ರಿನ್ಯೂ ಆಗೋ ಹಾಗೆ ಮಾಡಿ, ಅದು ಆಗಿದ್ಯಾ ಅಂತ ನೋಡೋದಕ್ಕೆ ಮಾತ್ರ ಟಾಸ್ಕ್ ಇಟ್ಕೋಬೇಕು.

ಹೊಸದಾಗಿ ಹಾಕೋರಿಗೆ ಒಂದು ಮಾತು. ತಿಂಗಳ ಟಾಸ್ಕ್ ಹಾಕಿ ಸರಿಯಾಗಿದ್ಯಾ ಅಂತ ನೋಡೋಕೆ ತಿಂಗಳು ಕಾಯ್ಬೇಡಿ. ಮೊದಲು ಅದನ್ನೇ ದಿನಾ ಬರೋ ಹಾಗೆ ಹಾಕಿ ಮೂರು ದಿನ ಬಿಡಿ, ಒಳಗಿನ ಚೆಕ್‌ಲಿಸ್ಟ್ ಹೊಸದಾಗಿ ಖಾಲಿ ಬರತ್ತಾ ಇಲ್ಲಾ ಹೋದ ಸಲದ ಟಿಕ್ಕುಗಳ ಸಮೇತ ಬರತ್ತಾ, ಅಟ್ಯಾಚ್‌ಮೆಂಟ್ ಬಂತಾ, ಸಬ್‌ಟಾಸ್ಕಿನ ತಾರೀಕುಗಳು ಮುಂದಕ್ಕೆ ಹೋದ್ವಾ ಇಲ್ಲಾ ಹಳೇ ತಾರೀಕಲ್ಲೇ ಕೂತಿದಾವಾ, ಎಲ್ಲಾ ನೋಡಿ ಆಮೇಲೆ ತಿಂಗಳಿಗೆ ಬದಲಾಯಿಸಿ. ಬದಲಾಯಿಸೋವಾಗ ಇದೊಂದಕ್ಕೆ ಮಾತ್ರಾನಾ, ಇನ್ನು ಮುಂದಿನದಕ್ಕೆಲ್ಲಾ ನಾ ಅಂತ ಕೇಳಿದ್ರೆ, ದಯವಿಟ್ಟು ಓದಿ ಒತ್ತಿ. ಆತುರಕ್ಕೆ ಮೊದಲನೇದು ಒತ್ತಿ, ಮುಂದಿನ ವಾರ ಹಳೇ ಟಾಸ್ಕೇ ಬಂತು ಅಂತ ಸಾಫ್ಟ್‌ವೇರಿಗೆ ಬೈದವರಲ್ಲಿ ನಾನೂ ಒಬ್ಬ.

ಎಂಡ್ ಡೇಟ್ ಅಂತ ಒಂದು ಖಾನೆ ಇರತ್ತಲ್ಲ, ಎಲ್ಲರೂ ನೆವರ್ ಅಂತ ಬಿಟ್ಟಿರ್ತಾರೆ, ಅಲ್ಲಿ ಏನಾದ್ರೂ ಒಂದು ತಾರೀಕು ತುಂಬಿ. ಪ್ರಾಜೆಕ್ಟ್ ಮುಗಿಯೋ ದಿನ ಗೊತ್ತಿದ್ರೆ ಅದು, ಇಲ್ಲಾಂದ್ರೆ ಒಂದು ವರ್ಷ. ನಿಂತುಹೋದ್ರೆ ಏನು ಗತಿ ಅನ್ನೋ ಭಯ ಇದ್ರೆ ಅದಕ್ಕೂ ಒಂದು ದಾರಿ ಇದೆ, ನಾನೀಗ ಮೂರು ತಿಂಗಳಿಗೊಂದು ಟಾಸ್ಕ್ ಇಟ್ಕೊಂಡಿದೀನಿ, ಇರೋ ಬರೋ ರಿಪೀಟ್ ಟಾಸ್ಕುಗಳನ್ನೆಲ್ಲಾ ಒಂದು ಲಿಸ್ಟಲ್ಲಿ ತೆಗೆದು, ಒಂದೊಂದರ ಮುಂದೆ ಇದು ಯಾರಿಗೆ ಬೇಕು ಅಂತ ಹೆಸರು ಬರೆಯೋದು, ಹೆಸರು ಹೊಳೀದಿದ್ರೆ ಅಳಿಸೋದು. ಮೊದಲನೇ ಸಲ ಮಾಡಿದಾಗ ಅರ್ಧದಷ್ಟು ಹಾರಿಹೋದ್ವು. ಅದ್ರಲ್ಲಿ ಒಂದು "ಕ್ಲೈಂಟಿಗೆ ವಾರದ ಸ್ಟೇಟಸ್" ಅಂತ. ಆ ಪ್ರಾಜೆಕ್ಟ್ ಮುಗಿದು ವರ್ಷ ಆಗಿತ್ತು, ಕ್ಲೈಂಟ್ ಕಡೆಯವರ ಮೇಲ್ ಐಡಿನೂ ಇರ್ಲಿಲ್ಲ, ಆದ್ರೂ ಪ್ರತಿ ಸೋಮವಾರ ಒಂದೂ ತಪ್ಪದೆ ಟಿಕ್ ಬಿದ್ದಿತ್ತು. ಯಾರಪ್ಪಾ ಇವನು ಇಷ್ಟು ಶಿಸ್ತಿನ ಮನುಷ್ಯ ಅಂತ ಹಿಸ್ಟರಿ ತೆಗೆದು ನೋಡಿದ್ರೆ ನನ್ನದೇ ಹೆಸರು.

ಇಂತಿ,
ನಿಮ್ಮ ಹಳೇ ಓದುಗ